ನಿಮಗಿದು ಗೊತ್ತೇ? ಆಂಟಿವೈರಸ್ ಕೊಳ್ಳುವ ಮುನ್ನ, ಬ್ರೌಸರ್ ತೆರೆಯುವ ಮುನ್ನ

◆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಹೊಸ ಕಂಪ್ಯೂಟರ್ ಕೊಂಡರೆ ಬಿಲ್ಲಿನ ಕೊನೆಯ ಸಾಲಿಗೆ ಒಂದು ವರ್ಷದ ಆಂಟಿವೈರಸ್ ಸೇರಿಕೊಳ್ಳುವುದು ಮಾಮೂಲು. ಆದರೆ ಆ ಪೆಟ್ಟಿಗೆಯೊಳಗೆ ಇನ್ನೊಂದು ಆಂಟಿವೈರಸ್ ಆಗಲೇ ಕೂತಿರುತ್ತದೆ, ಗೊತ್ತೇ? 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಮೈಕ್ರೋಸಾಫ್ಟ್ ತನ್ನ ಡಿಫೆಂಡರನ್ನು ವಿಂಡೋಸ್ ಜೊತೆಗೇ ಕೊಡುತ್ತಿದೆ. ಅದಕ್ಕೆ ಬೇರೆ ದುಡ್ಡಿಲ್ಲ, ವರ್ಷ ವರ್ಷ ರಿನ್ಯೂವಲ್ ಮಾಡಿಸುವ ಕೆಲಸವೂ ಇಲ್ಲ.

◆ "ಡಿಫೆಂಡರ್ ಇದ್ದೂ ಇಲ್ಲದ ಹಾಗೆ" ಎಂಬ ಮಾತು ಬರೀ ಸುಳ್ಳೇನಲ್ಲ, ಹಳೆಯದು ಅಷ್ಟೆ. ಜರ್ಮನಿಯ ಮ್ಯಾಗ್ಡೆಬರ್ಗ್ ನಗರದಲ್ಲಿರುವ ಎವಿ-ಟೆಸ್ಟ್ ಸಂಸ್ಥೆ ಆಂಟಿವೈರಸ್‌ಗಳನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ರಕ್ಷಣೆಗೆ 6, ವೇಗಕ್ಕೆ 6, ಬಳಕೆಗೆ 6, ಒಟ್ಟು 18. 2012ರ ಕೊನೆಯಲ್ಲಿ ಮೈಕ್ರೋಸಾಫ್ಟಿನ ಉಚಿತ ಆಂಟಿವೈರಸ್ ಅಲ್ಲಿ ಪ್ರಮಾಣಪತ್ರವನ್ನೇ ಕಳೆದುಕೊಂಡಿತ್ತು. ಈಚಿನ ವರ್ಷಗಳಲ್ಲಿ ಅದೇ ಪರೀಕ್ಷೆಯಲ್ಲಿ ಡಿಫೆಂಡರ್ ಹಲವು ಸುತ್ತು 18ಕ್ಕೆ 18 ಪಡೆದಿದೆ. ಇಂಥದೇ ಇನ್ನೊಂದು ಪರೀಕ್ಷಾ ಸಂಸ್ಥೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿದೆ, ಹೆಸರು ಎವಿ-ಕಂಪ್ಯಾರಟಿವ್ಸ್. ಎರಡರ ಫಲಿತಾಂಶವನ್ನೂ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹಣ ಕೊಟ್ಟು ಕೊಳ್ಳುವವರು ಅಂಗಡಿಯವರ ಶಿಫಾರಸಿಗಿಂತ ಮೊದಲು ಇವನ್ನು ನೋಡಲಿ.

◆ ಹಾಗಾದರೆ ದುಡ್ಡಿನ ಆಂಟಿವೈರಸ್ ಯಾರಿಗೆ ಬೇಕು? ಮಕ್ಕಳು ನೋಡುವುದರ ಮೇಲೆ ಹೆಚ್ಚಿನ ಹಿಡಿತ ಬೇಕೆನ್ನುವ ಪೋಷಕರಿಗೆ, ತೊಂದರೆಯಾದಾಗ ಫೋನಿನಲ್ಲಿ ಸಹಾಯ ಸಿಗಬೇಕೆನ್ನುವವರಿಗೆ, ಮನೆಯ ನಾಲ್ಕೈದು ಸಾಧನಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದವರಿಗೆ ಅದು ಉಪಯೋಗಕ್ಕೆ ಬಂದೀತು. ಕರೆಂಟ್ ಬಿಲ್ ಕಟ್ಟುವುದು, ಮಕ್ಕಳ ಪ್ರಾಜೆಕ್ಟ್, ಸಿನಿಮಾ, ಇಮೇಲ್ ಇಷ್ಟೇ ಇರುವ ಮನೆಗೆ ಡಿಫೆಂಡರ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಗಮನವೆಲ್ಲ ಬ್ರೌಸರ್ ಕಡೆಗೆ ಹೋಗಬೇಕು. ಇವತ್ತು ಅಪಾಯ ಹೆಚ್ಚಾಗಿ ಮನೆಯೊಳಕ್ಕೆ ಬರುವುದು ಆ ದಾರಿಯಿಂದ. ಆದರೂ ಆಂಟಿವೈರಸ್ ಬಗ್ಗೆ ಹತ್ತು ಜನರನ್ನು ಕೇಳುವವರು ಬ್ರೌಸರ್ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ.

◆ ಎರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಎರಡು ಪಟ್ಟಾಗುವುದಿಲ್ಲ. ಎರಡೂ ಪ್ರತಿ ಫೈಲನ್ನೂ ತೆರೆಯುವ ಹೊತ್ತಿಗೆ ಹಿಡಿದು ತಪಾಸಣೆ ಮಾಡಲು ಹೋಗುತ್ತವೆ, ಕಂಪ್ಯೂಟರ್ ತೆವಳುತ್ತದೆ. ಅದಕ್ಕೇ ಬೇರೆ ಆಂಟಿವೈರಸ್ ಬಂದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಅದನ್ನು ತೆಗೆದುಹಾಕಿದರೆ ಮತ್ತೆ ಮುಂದೆ ಬರುತ್ತದೆ. ಅವಧಿ ಮುಗಿದ ಆಂಟಿವೈರಸ್ಸನ್ನು ಹಾಗೇ ಬಿಟ್ಟುಕೊಂಡವರು ಅದನ್ನು ಅನ್‌ಇನ್‌ಸ್ಟಾಲ್ ಮಾಡುವುದೇ ಮೊದಲ ಕೆಲಸ.

◆ ಡಿಫೆಂಡರಿನಲ್ಲಿ ಒಂದು ಒಳ್ಳೆಯ ಸೌಲಭ್ಯ ಮೊದಲಿನಿಂದಲೂ ಆಫ್ ಆಗಿಯೇ ಬರುತ್ತದೆ. ವಿಂಡೋಸ್ ಸೆಕ್ಯುರಿಟಿಯೊಳಗೆ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಎಂಬಲ್ಲಿ ಹೋಗಿ ಅದನ್ನು ಆನ್ ಮಾಡಿದರೆ, ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಗುರುತಿಲ್ಲದ ತಂತ್ರಾಂಶ ಮುಟ್ಟಿ ಬದಲಿಸಲು ಬಿಡುವುದಿಲ್ಲ. ಒಮ್ಮೊಮ್ಮೆ ನಿಮ್ಮದೇ ಆಟವನ್ನೋ ಫೋಟೊ ತಂತ್ರಾಂಶವನ್ನೋ ತಡೆದೀತು. ಆಗ ಅದಕ್ಕೆ ಅನುಮತಿ ಕೊಟ್ಟರಾಯಿತು.

◆ ವೈರಸ್ಸಿನ ಜೊತೆಜೊತೆಗೇ ಅದನ್ನು ಹಿಡಿಯುವ ತಂತ್ರಾಂಶವೂ ಹುಟ್ಟಿತು. 1971ರಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆಯ ಬಾಬ್ ಥಾಮಸ್ ಬರೆದ 'ಕ್ರೀಪರ್', ಅರ್ಪಾನೆಟ್ ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ತೆವಳಿತು. ಅದು ಹಾನಿ ಮಾಡುತ್ತಿರಲಿಲ್ಲ, ಕೈಲಾದರೆ ಹಿಡಿ ಎಂಬ ಸವಾಲನ್ನಷ್ಟೇ ಮೂಡಿಸುತ್ತಿತ್ತು. ಅದನ್ನು ಹುಡುಕಿ ಅಳಿಸಲು 'ರೀಪರ್' ಬರೆದವರು ರೇ ಟಾಮ್ಲಿನ್ಸನ್. ಇಮೇಲ್ ವಿಳಾಸದ ನಡುವೆ ಬರುವ 'ಅಟ್' ಚಿಹ್ನೆ ಕೂಡ ಅವರದೇ ಕೊಡುಗೆ.

◆ ಐಬಿಎಂ ಮಾದರಿಯ ಪಿಸಿಗಳನ್ನು ಕಾಡಿದ ಮೊದಲ ವೈರಸ್ ನಮ್ಮ ಪಕ್ಕದ ಲಾಹೋರಿನದು. 1986ರಲ್ಲಿ ಬಂದ ಅದರ ಹೆಸರು 'ಬ್ರೇನ್'. ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಅಡಗುತ್ತಿದ್ದ ಆ ವೈರಸ್ಸಿನೊಳಗೆ ಅವರ ಅಂಗಡಿಯ ವಿಳಾಸ, ಫೋನ್ ನಂಬರು ಎರಡೂ ಇದ್ದವು!

◆ ಪುಣೆಯ ಕ್ವಿಕ್ ಹೀಲ್ ಕಥೆ ಕೇಳಿದ್ದೀರಾ? ಕೈಲಾಸ್ ಕಾಟ್ಕರ್ ಹತ್ತನೇ ತರಗತಿಗೆ ಓದು ನಿಲ್ಲಿಸಿ ಕ್ಯಾಲ್ಕ್ಯುಲೇಟರ್ ರಿಪೇರಿಗೆ ಸೇರಿದವರು. ಆಮೇಲೆ ಸ್ವಂತ ಅಂಗಡಿ, ಆಮೇಲೆ ಕಂಪ್ಯೂಟರ್ ರಿಪೇರಿ. ತಮ್ಮ ಸಂಜಯ್‌ಗೆ ಕಂಪ್ಯೂಟರ್ ಓದಿಸಿದ್ದು ಅಣ್ಣನೇ. ರಿಪೇರಿಗೆ ಬರುತ್ತಿದ್ದ ಯಂತ್ರಗಳಲ್ಲಿ ಹಾರ್ಡ್‌ವೇರ್ ಚೆನ್ನಾಗಿಯೇ ಇರುತ್ತಿತ್ತು, ತೊಂದರೆ ಫ್ಲಾಪಿಯಿಂದ ಬಂದ ವೈರಸ್ಸಿನದು. ಒಂದೊಂದು ವೈರಸ್ಸಿಗೆ ಒಂದೊಂದು ಚಿಕ್ಕ ತಂತ್ರಾಂಶ ಬರೆಯುತ್ತಾ ಹೋದ ತಮ್ಮನ ಕೆಲಸವೆಲ್ಲ ಕೂಡಿ 1990ರ ದಶಕದ ನಡುವಿನಲ್ಲಿ ಕ್ವಿಕ್ ಹೀಲ್ ಆಯಿತು. 2016ರಲ್ಲಿ ಕಂಪನಿ ಷೇರುಪೇಟೆಗೂ ಬಂತು. ಚೆನ್ನೈಯ ಕೆ7 ಕೂಡ ಅದೇ ದಶಕದ ಆರಂಭದ ಕಾಲದ್ದು. ಭಾರತದ ಮನೆಗಳಿಗೆ ಬಂದ ಆಂಟಿವೈರಸ್ ಉದ್ಯಮದ ಒಂದು ಬೇರು ರಿಪೇರಿ ಅಂಗಡಿಯಲ್ಲಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

◆ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ. ನಾಲ್ಕನ್ನೂ ಹೋಲಿಸಿ ನೋಡಿ ಒಂದನ್ನು ಆರಿಸಿದಿರಾ? ನಾಲ್ಕಕ್ಕೂ ಈಗ ಯಜಮಾನ ಒಬ್ಬನೇ, ಜೆನ್ ಡಿಜಿಟಲ್. ಎವಿಜಿಯನ್ನು 2016ರಲ್ಲಿ ಅವಾಸ್ಟ್ ಕೊಂಡಿತು, ಆಮೇಲೆ ಅವಿರಾ ನಾರ್ಟನ್ ಪಾಲಾಯಿತು, 2022ರಲ್ಲಿ ನಾರ್ಟನ್ ಮತ್ತು ಅವಾಸ್ಟ್ ಒಂದಾದವು.

◆ ಉಚಿತ ಆಂಟಿವೈರಸ್ಸಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ಜಾಲತಾಣಕ್ಕೆ ಹೋಗುತ್ತಾರೆಂಬ ವಿವರ ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಇದನ್ನು ಬಯಲು ಮಾಡಿದ ಮೇಲೆ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಯಾವ ಕಾಯಿಲೆಯ ಬಗ್ಗೆ ಓದಿದೆವು, ಯಾವ ಸಾಲ ಹುಡುಕಿದೆವು ಎಂಬುದೆಲ್ಲ ನಾವು ನೋಡುವ ಪುಟಗಳ ಪಟ್ಟಿಯಿಂದಲೇ ತಿಳಿದುಬಿಡುತ್ತದೆ. ಕಾಯುತ್ತೇನೆಂದು ಬಂದ ತಂತ್ರಾಂಶವೇ ಅದನ್ನು ಮಾರಿದ್ದು ಸಣ್ಣ ತಪ್ಪಲ್ಲ.

◆ ದುಡ್ಡು ಕೊಟ್ಟು ಕೊಂಡದ್ದರಲ್ಲೂ ಅನಗತ್ಯ ಸಾಮಾನು ಬರುತ್ತದೆ. 2021ರಲ್ಲಿ ನಾರ್ಟನ್ 360ರೊಳಗೆ ಕ್ರಿಪ್ಟೊ ಹಣ ಗಣಿಗಾರಿಕೆಯ ಸೌಲಭ್ಯ ಸೇರಿಸಿದ್ದರು. ಬಳಕೆದಾರ ಒಪ್ಪಿದರೆ ಮಾತ್ರ ಅದು ಶುರುವಾಗುತ್ತಿತ್ತು, ಬಂದದ್ದರಲ್ಲಿ ಶೇ 15 ಕಂಪನಿಗೆ.

◆ ಆಂಟಿವೈರಸ್ಸಿಗೆ ನಾವು ಎಷ್ಟು ಅಧಿಕಾರ ಕೊಟ್ಟಿರುತ್ತೇವೆ? ಕಂಪ್ಯೂಟರಿನ ತೀರಾ ಒಳಗಿನ ಪದರದ ತನಕ. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಫೈಲೊಂದನ್ನೇ ವೈರಸ್ ಎಂದು ತಿಳಿದು ಎತ್ತಿಹಾಕಿತು. ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಕಚೇರಿಗಳಿಗೆ ಮಾರುವ ತಂತ್ರಾಂಶ, ಮನೆಗಳದ್ದಲ್ಲ. ಆದರೂ ಗುರುತಿಲ್ಲದ ಕಂಪನಿಯ ಆಂಟಿವೈರಸ್ಸನ್ನು ಬಿಟ್ಟಿ ಸಿಕ್ಕಿತೆಂದು ಹಾಕಿಕೊಳ್ಳಬಾರದು ಎನ್ನುವುದಕ್ಕೆ ಕಾರಣ ಇದೇ.

◆ ಯಾವ ದೇಶದ್ದು ಎಂಬುದೂ ಒಮ್ಮೊಮ್ಮೆ ಮುಖ್ಯವಾಗುತ್ತದೆ. ರಷ್ಯಾದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು. ಅಲ್ಲಿನ ಅನೇಕರ ಕಂಪ್ಯೂಟರಿನಲ್ಲಿ ಕ್ಯಾಸ್ಪರ್‌ಸ್ಕಿ ಹೋಗಿ ಅಲ್ಟ್ರಾಎವಿ ಎಂಬ ಇನ್ನೊಂದು ತಾನಾಗಿಯೇ ಬಂದು ಕೂತಿತು. ಅಮೆರಿಕದಲ್ಲಿರುವ ನಮ್ಮವರಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅದರ ಹಿನ್ನೆಲೆ ಇದು.

◆ ನೂರಕ್ಕೆ ನೂರು ವೈರಸ್ ಹಿಡಿಯುವ ಆಂಟಿವೈರಸ್ ಇರಲು ಸಾಧ್ಯವೇ ಇಲ್ಲ. ಇದನ್ನು ಗಣಿತದ ಆಧಾರದ ಮೇಲೆ ತೋರಿಸಿಕೊಟ್ಟವರು ಫ್ರೆಡ್ ಕೋಹೆನ್, 1980ರ ದಶಕದಲ್ಲಿ. 'ಶೇ 100 ರಕ್ಷಣೆ' ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅದು ಯಾವುದೋ ಒಂದು ಪರೀಕ್ಷೆಯ ಫಲಿತಾಂಶ ಮಾತ್ರ.

◆ ನಿಮ್ಮ ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ಪರೀಕ್ಷಿಸಲು 68 ಅಕ್ಷರಗಳ ಒಂದು ನಿರಪಾಯ ಫೈಲಿದೆ. ಹೆಸರು ಐಕಾರ್. ಅದರಲ್ಲಿ ವೈರಸ್ ಇಲ್ಲ, ಆದರೆ ಕಂಡ ಕೂಡಲೇ ಕೂಗಬೇಕೆಂದು ಆಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ. ಡೌನ್‌ಲೋಡ್ ಮಾಡಿದಾಗ ಸದ್ದೇ ಇಲ್ಲವೆಂದರೆ ನಿಮ್ಮ ಕಾವಲು ಕೆಟ್ಟಿದೆ.

◆ ಇನ್ನು ಬ್ರೌಸರ್. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್, ವಿವಾಲ್ಡಿ, ಝೋಹೊದ ಉಲಾ ಎಲ್ಲ ಬೇರೆ ಬೇರೆ ಎಂದುಕೊಂಡಿರಾ? ಎಲ್ಲದರ ಒಳಗೂ ಇರುವುದು ಗೂಗಲ್ ಮುನ್ನಡೆಸುವ ಕ್ರೋಮಿಯಂ ಎಂಬ ಒಂದೇ ಮೂಲ. ಎಡ್ಜ್ ಕೂಡ 2020ರ ಜನವರಿಯಲ್ಲಿ ಅದಕ್ಕೇ ಬದಲಾಯಿತು. ನಿಜಕ್ಕೂ ಬೇರೆ ಯಂತ್ರ ಹೊತ್ತಿರುವ ದೊಡ್ಡ ಬ್ರೌಸರುಗಳು ಎರಡೇ, ಫೈರ್‌ಫಾಕ್ಸ್ ಮತ್ತು ಆ್ಯಪಲ್‌ನ ಸಫಾರಿ. ವಿಂಡೋಸ್‌ಗೆ ಸಫಾರಿ 2012ರಲ್ಲೇ ನಿಂತುಹೋಯಿತು. ಅಂದರೆ ವಿಂಡೋಸ್ ಇರುವ ಮನೆಯ ಆಯ್ಕೆ ಕ್ರೋಮಿಯಂ ಬಳಗವೋ ಫೈರ್‌ಫಾಕ್ಸೋ ಎಂಬುದಷ್ಟೆ.

◆ ಒಂದೇ ಬ್ರೌಸರ್ ಊರೆಲ್ಲ ಆಳಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2001ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದಾಗ ಎದುರಾಳಿಯೇ ಉಳಿದಿರಲಿಲ್ಲ. ಮೈಕ್ರೋಸಾಫ್ಟ್ ಐದು ವರ್ಷ ಕೈಕಟ್ಟಿ ಕುಳಿತಿತು, 7ನೇ ಆವೃತ್ತಿ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಅದರ ತೂತುಗಳಿಂದ ಎಷ್ಟೋ ಕುತಂತ್ರಾಂಶಗಳು ನುಸುಳಿದ್ದವು. ಜಡತೆ ಒಡೆದದ್ದು 2004ರ ನವೆಂಬರ್ 9ರಂದು ಬಂದ ಫೈರ್‌ಫಾಕ್ಸ್. ಬೇರೆ ಬ್ರೌಸರುಗಳ ಆಯ್ಕೆಯನ್ನೂ ಬಳಕೆದಾರರಿಗೆ ತೋರಿಸುತ್ತೇವೆಂದು ಕೊಟ್ಟ ಮಾತು ತಪ್ಪಿದ್ದಕ್ಕೆ ಐರೋಪ್ಯ ಒಕ್ಕೂಟ 2013ರಲ್ಲಿ ಮೈಕ್ರೋಸಾಫ್ಟಿಗೆ 56.1 ಕೋಟಿ ಯೂರೊ ದಂಡ ಹಾಕಿತು. ಮನೆಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಒಂದನ್ನಾದರೂ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೂ ಹೌದು.

◆ 2008ರಲ್ಲಿ ಕ್ರೋಮ್ ಬಂದದ್ದೂ ಆಗ ಒಳ್ಳೆಯದನ್ನೇ ಮಾಡಿತು. ಟ್ಯಾಬುಗಳನ್ನು ಬೇರೆ ಬೇರೆ ಪ್ರೊಸೆಸ್ಸುಗಳಾಗಿ ಒಡೆದು, ಒಂದು ಪುಟ ಕೆಟ್ಟರೆ ಕಂಪ್ಯೂಟರಿನ ಉಳಿದ ಭಾಗಕ್ಕೆ ಕೈಹಾಕದಂತೆ ಬೇಲಿ ಹಾಕಿತು. ಈಗ ಎಲ್ಲ ದೊಡ್ಡ ಬ್ರೌಸರುಗಳಲ್ಲೂ ಈ ವ್ಯವಸ್ಥೆ ಇದೆ. ಆ ಯೋಜನೆಯ ಮುಂದಾಳುಗಳಲ್ಲಿ ಒಬ್ಬರು ಸುಂದರ್ ಪಿಚೈ.

◆ ಹಾಗಿದ್ದೂ ಆ ಬೇಲಿಯಲ್ಲಿ ತೂತು ಕಾಣುತ್ತಲೇ ಇರುತ್ತದೆ. ಅದಕ್ಕಾಗಿ ಕ್ರೋಮ್ 2023ರಿಂದ ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡುತ್ತಿದೆ. ಅಪ್‌ಡೇಟ್ ತಾನಾಗಿಯೇ ಇಳಿಯುತ್ತದೆ, ಆದರೆ ಬ್ರೌಸರನ್ನು ಮುಚ್ಚಿ ತೆರೆಯುವ ತನಕ ಕೆಲಸಕ್ಕೆ ಬರುವುದಿಲ್ಲ. ಇಪ್ಪತ್ತು ಟ್ಯಾಬ್ ತೆರೆದಿಟ್ಟು ಲ್ಯಾಪ್‌ಟಾಪಿನ ಮುಚ್ಚಳವನ್ನಷ್ಟೇ ಮುಚ್ಚುವವರು ದಯವಿಟ್ಟು ಗಮನಿಸಿ.

◆ ಅಪ್‌ಡೇಟ್ ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ 12ಕ್ಕಿಂತ ದೊಡ್ಡ ಉದಾಹರಣೆ ಬೇಡ. ಅಂದು ಹಬ್ಬಿದ ವನ್ನಾಕ್ರೈ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನಲ್ಲಿ ಆಸ್ಪತ್ರೆಗಳ ಕೆಲಸ ನಿಂತಿತು, ನೆರೆಯ ಆಂಧ್ರದಲ್ಲಿ ಪೊಲೀಸ್ ಕಂಪ್ಯೂಟರುಗಳಿಗೂ ತಗುಲಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು, ಹೆಚ್ಚುಕಡಿಮೆ ಎರಡು ತಿಂಗಳು ಮೊದಲು. ಹರಡುವಿಕೆಗೆ ತಡೆ ಬಿದ್ದದ್ದು ಮಾರ್ಕಸ್ ಹಚಿನ್ಸ್ ಎಂಬ ಇಂಗ್ಲಿಷ್ ತರುಣನಿಂದ. ವೈರಸ್ಸಿನೊಳಗೆ ಕಂಡ ಒಂದು ವಿಚಿತ್ರ ಜಾಲತಾಣದ ಹೆಸರನ್ನು ಅವನು ಹತ್ತು ಡಾಲರ್ ಚಿಲ್ಲರೆಗೆ ನೋಂದಾಯಿಸಿದ. ಆ ಹೆಸರು ಜೀವಂತವಾದ ಕೂಡಲೇ ವನ್ನಾಕ್ರೈ ಸುಮ್ಮನಾಯಿತು.

◆ ವಿಂಡೋಸ್ 10 ಇನ್ನೂ ಬಳಸುತ್ತಿದ್ದೀರಾ? 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಭದ್ರತಾ ಅಪ್‌ಡೇಟ್ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಒಂದು ವರ್ಷ ಹೆಚ್ಚಿಗೆ ಕೊಟ್ಟಿದ್ದಾರೆ. ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದಂತೆ, ಆದರೆ ಅದರಿಂದ ವಿಂಡೋಸ್‌ನ ತೂತುಗಳು ಮುಚ್ಚುವುದಿಲ್ಲ. ಎಷ್ಟು ದುಬಾರಿ ಆಂಟಿವೈರಸ್ ಹಾಕಿದರೂ ಅಷ್ಟೆ.

◆ ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಕಂಡರೆ ಜಾಲತಾಣ ನಂಬಿಕಸ್ಥವೇ? ಖಂಡಿತ ಅಲ್ಲ. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕಳ್ಳನೇ ಕೂತಿರಬಹುದು, ಅವನೂ ಬೀಗವನ್ನು ಉಚಿತವಾಗಿಯೇ ಪಡೆಯಬಹುದು. 2021ರಲ್ಲಿ ಗೂಗಲ್ ನಡೆಸಿದ ಅಧ್ಯಯನದಲ್ಲಿ ಬೀಗದ ಅರ್ಥವನ್ನು ಸರಿಯಾಗಿ ಹೇಳಿದವರು ಶೇ 11 ಮಾತ್ರ. ಕೊನೆಗೆ 2023ರಲ್ಲಿ ಕ್ರೋಮ್ ಆ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿತು.

◆ ಕಣ್ಣಿಗೆ ಒಂದೇ ರೀತಿ ಕಾಣುವ ವಿಳಾಸಗಳೂ ಇವೆ. 2017ರಲ್ಲಿ ಸಂಶೋಧಕರೊಬ್ಬರು ಸಿರಿಲಿಕ್ ಲಿಪಿಯ ಅಕ್ಷರಗಳನ್ನೇ ಜೋಡಿಸಿ ಆ್ಯಪಲ್ ಜಾಲತಾಣದ ಹೆಸರನ್ನು ಬರೆದು ತೋರಿಸಿದರು. ಆಗಿನ ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಅಸಲಿಗೂ ಅದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಬ್ಯಾಂಕಿನ ವಿಳಾಸವನ್ನು ಮೆಸೇಜಿನ ಲಿಂಕಿನಿಂದ ತೆರೆಯದೆ ಬುಕ್‌ಮಾರ್ಕ್ ಮಾಡಿಟ್ಟುಕೊಂಡು ತೆರೆಯುವುದೇ ಇದಕ್ಕೆ ಉಪಾಯ.

◆ ಇನ್‌ಕಾಗ್ನಿಟೊ ಕಿಟಕಿ ನಿಮ್ಮನ್ನು ಮರೆಮಾಚುವುದು ಅದೇ ಕಂಪ್ಯೂಟರ್ ಬಳಸುವ ಮನೆಯವರಿಂದ ಮಾತ್ರ. ಇಂಟರ್ನೆಟ್ ಕಂಪನಿಗೂ ಜಾಲತಾಣಗಳಿಗೂ ನೀವು ಕಾಣುತ್ತೀರಿ. ಈ ವಿಷಯದ ಮೊಕದ್ದಮೆಯೊಂದರ ರಾಜಿಯಲ್ಲಿ ಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಿತು.

◆ ಒಂದು ತಾಣ ಬ್ರೌಸರಿನಲ್ಲಿ ಇಟ್ಟ ಗುರುತಿನ ಚೀಟಿ, ಅಂದರೆ ಕುಕಿ, ಇನ್ನೊಂದು ತಾಣದಲ್ಲಿ ನಿಮ್ಮನ್ನು ಹಿಂಬಾಲಿಸುವುದನ್ನು ಸಫಾರಿ 2020ರಿಂದ ತಡೆಯುತ್ತಿದೆ, ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಯನ್ನೂ ಬೇರೆ ಬೇರೆಯಾಗಿ ಇಡುತ್ತಿದೆ. ತಾನೂ ನಿಲ್ಲಿಸುವೆನೆಂದು 2020ರಲ್ಲಿ ಹೇಳಿದ್ದ ಗೂಗಲ್, 2024ರಲ್ಲಿ ಆ ಯೋಜನೆ ಕೈಬಿಟ್ಟಿತು. ಗೂಗಲ್‌ನ ಮುಖ್ಯ ಆದಾಯ ಜಾಹೀರಾತಿನದು ಎಂಬುದನ್ನು ನೆನಪಿಡಿ.

◆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ ಎಂದು ಸಲಹೆ ಕೊಟ್ಟವರಲ್ಲಿ ಅಮೆರಿಕದ ಎಫ್‌ಬಿಐ ಕೂಡ ಇದೆ! 2022ರ ಡಿಸೆಂಬರಿನಲ್ಲಿ ಬಂದ ಆ ಪ್ರಕಟಣೆಗೆ ಕಾರಣ, ಹುಡುಕಾಟದ ಫಲಿತಾಂಶದ ಮೇಲ್ತುದಿಯಲ್ಲಿ ಜಾಹೀರಾತಿನ ವೇಷದಲ್ಲಿ ಬರುತ್ತಿದ್ದ ನಕಲಿ ತಾಣಗಳು. ಹೆಸರುವಾಸಿ ತಡೆಗಾರ ಯೂಬ್ಲಾಕ್ ಒರಿಜಿನ್ ಈಗ ಕ್ರೋಮ್‌ನಲ್ಲಿ ಪೂರ್ಣರೂಪದಲ್ಲಿ ಓಡುವುದಿಲ್ಲ, ಎಕ್ಸ್‌ಟೆನ್ಷನ್‌ಗಳ ನಿಯಮವನ್ನು ಗೂಗಲ್ ಬದಲಿಸಿದೆ. ಫೈರ್‌ಫಾಕ್ಸ್‌ನಲ್ಲಿ ಓಡುತ್ತದೆ. ನನ್ನ ಮಟ್ಟಿಗೆ ಫೈರ್‌ಫಾಕ್ಸ್ ಆರಿಸಲು ಇದೊಂದೇ ಸಾಕು.

◆ ಹಾಗೆಂದು ಕಂಡ ಎಕ್ಸ್‌ಟೆನ್ಷನ್ನನ್ನೆಲ್ಲ ಹಾಕಬೇಡಿ. ಗ್ರೇಟ್ ಸಸ್ಪೆಂಡರ್ ಎಂಬುದನ್ನು 20 ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ಬರೆದವರು ಅಪರಿಚಿತರಿಗೆ ಮಾರಿದರು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕುತಂತ್ರಾಂಶವೆಂದು ಹೊರಹಾಕಿತು. ಎಕ್ಸ್‌ಟೆನ್ಷನ್ ಅದೇ, ಹೆಸರೂ ಅದೇ, ಒಡೆಯ ಮಾತ್ರ ಬೇರೆ. ಬಳಸದಿರುವುದನ್ನು ಇವತ್ತೇ ತೆಗೆದುಹಾಕಿ.

◆ "ನಿಮ್ಮ ಆಂಟಿವೈರಸ್ ಮುಗಿದಿದೆ, 5 ವೈರಸ್ ಸಿಕ್ಕಿವೆ" ಎಂಬ ಚೀಟಿ ಪರದೆಯ ಬಲ ಮೂಲೆಯಲ್ಲಿ ಮೇಲಿಂದ ಮೇಲೆ ಬರುತ್ತಿದೆಯೇ? ಬಹುಪಾಲು ಸಂದರ್ಭದಲ್ಲಿ ಅದು ವೈರಸ್ಸೂ ಅಲ್ಲ, ನಿಮ್ಮ ಆಂಟಿವೈರಸ್ ಕೊಟ್ಟ ಎಚ್ಚರಿಕೆಯೂ ಅಲ್ಲ. ಎಂದೋ ಸಿನಿಮಾ ಹುಡುಕುತ್ತಾ ಯಾವುದೋ ತಾಣದಲ್ಲಿ 'ಅಲೋ' ಒತ್ತಿರುತ್ತೀರಿ, ಆ ತಾಣ ಬ್ರೌಸರಿನ ನೋಟಿಫಿಕೇಶನ್ ಮೂಲಕ ಕಳಿಸುತ್ತಿರುತ್ತದೆ. ಹೆಸರಾಂತ ಕಂಪನಿಗಳ ಲಾಂಛನವನ್ನೇ ಅದಕ್ಕೆ ಅಂಟಿಸಿರುತ್ತಾರೆ. ಹೆದರಿ ಒತ್ತಿದರೆ ಹಣ ಕಟ್ಟುವ ಪುಟವೋ ಸಹಾಯವಾಣಿ ಎಂಬ ಹೆಸರಿನ ನಂಬರೋ ಬರುತ್ತದೆ. ಆ ನಂಬರಿಗೆ ಕರೆ ಮಾಡಿದರೆ ಕಂಪ್ಯೂಟರನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಳ್ಳುವ ತಂತ್ರಾಂಶ ಹಾಕಿಸುತ್ತಾರೆ, ಆಮೇಲೆ ಬ್ಯಾಂಕ್ ಖಾತೆಯ ಸರದಿ. ಹಿರಿಯರು ಒಬ್ಬರೇ ಇರುವ ಮನೆಗಳಿಗೆ ಇದರಿಂದ ಆಗುವ ಹಾನಿ ದೊಡ್ಡದು. ಮದ್ದು ಒಂದೇ ನಿಮಿಷದ್ದು: ಬ್ರೌಸರಿನ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ, ಅದರಲ್ಲಿ ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ, ಇನ್ನು ಮುಂದೆ ಯಾವ ತಾಣವೂ ಕೇಳದಂತೆ ಮಾಡುವ ಆಯ್ಕೆಯೂ ಅಲ್ಲೇ ಇದೆ. ಈ ಭಾನುವಾರ ಅಪ್ಪ ಅಮ್ಮನ ಕಂಪ್ಯೂಟರಿನಲ್ಲಿ ಇದೊಂದು ಕೆಲಸ ಮಾಡಿಕೊಡಿ.

◆ ಬೆಂಗಳೂರಿನಲ್ಲೇ ತಯಾರಾದ ಬ್ರೌಸರೊಂದು ಗೊತ್ತೇ? ಹಿಡನ್ ರಿಫ್ಲೆಕ್ಸ್ ಸಂಸ್ಥೆ 2010ರಲ್ಲಿ 'ಎಪಿಕ್' ಹೊರತಂದಿತು. ಆಗ ಅದು ಫೈರ್‌ಫಾಕ್ಸ್‌ನ ಮೂಲದ ಮೇಲೆ ನಿಂತಿತ್ತು. ಭಾರತೀಯ ಭಾಷೆಗಳಲ್ಲಿ ಬರೆಯುವ ಅನುಕೂಲದ ಜೊತೆಗೆ ಆಂಟಿವೈರಸ್ ಕೂಡ ಬ್ರೌಸರಿನೊಳಗೇ ಇತ್ತು. 2013ರಲ್ಲಿ ಕ್ರೋಮಿಯಂಗೆ ಬದಲಾಗಿ ಖಾಸಗಿತನವನ್ನೇ ಮುಖ್ಯವಾಗಿಸಿಕೊಂಡಿತು.

◆ ಭಾರತದ್ದೇ ಬ್ರೌಸರ್ ಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ಸ್ಪರ್ಧೆ ಕರೆಯಿತು. ನಡೆಸಿದ್ದು ಬೆಂಗಳೂರಿನ ಸಿ-ಡ್ಯಾಕ್. 2025ರ ಮಾರ್ಚ್‌ನಲ್ಲಿ ಝೋಹೊ ತಂಡ ಮೊದಲ ಬಹುಮಾನ 1 ಕೋಟಿ ರೂಪಾಯಿ ಗೆದ್ದಿತು.

◆ ಸರ್ಕಾರವೇ ಉಚಿತವಾಗಿ ಕೊಡುವ ಕುತಂತ್ರಾಂಶ ನಿವಾರಕಗಳೂ ಇವೆ. 2017ರ ಫೆಬ್ರುವರಿಯಲ್ಲಿ ಶುರುವಾದ ಸೈಬರ್ ಸ್ವಚ್ಛತಾ ಕೇಂದ್ರ ಕ್ವಿಕ್ ಹೀಲ್, ಕೆ7, ಇಸ್ಕ್ಯಾನ್ ಕಂಪನಿಗಳ ಜೊತೆಗೂಡಿ ಇವನ್ನು ಒದಗಿಸುತ್ತದೆ. ಪೆನ್‌ಡ್ರೈವ್ ಹಾಕಿದಾಗ ಪಾಸ್‌ವರ್ಡ್ ಕೇಳುವ 'ಯುಎಸ್‌ಬಿ ಪ್ರತಿರೋಧ್' ಕೂಡ ಅದೇ ಹೊತ್ತಿಗೆ ಬಂತು. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ ಒತ್ತಬೇಕಾದ ನಂಬರು 1930.

◆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರನ್ನೂ ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿ, ಬ್ರೌಸರನ್ನು ಈ ಭಾಷೆಯಲ್ಲೇ ತೋರಿಸು ಎಂದು ಒತ್ತಿ, ಒಮ್ಮೆ ಮುಚ್ಚಿ ತೆರೆಯಿರಿ. ಮೋಸದ ತಾಣ ಎದುರಾದಾಗ ಬರುವ ಕೆಂಪು ಪುಟದ ಎಚ್ಚರಿಕೆ ಇಂಗ್ಲಿಷ್ ಬಾರದ ಅಜ್ಜಿಗೂ ಆಗ ಓದಲು ಸಿಗುತ್ತದೆ.